ರಾಚಯ್ಯನ ಅಂಗಿಯನ್ನು ಏನು ಮಾಡಿದಿರಿ?

ಕಲಾ ಪ್ರದರ್ಶನಾಲಯದ ಮಾನ್ಯ ನಿರ್ದೇಶಕರೇ,

ಒನ್-ನಾರ್ತ್‌ನ ನಿಮ್ಮ ಪ್ರದರ್ಶನಾಲಯದಿಂದ ನನ್ನ ಮಗಳು ರೋಹಿಣಿಯ ಕಲಾಕೃತಿಯನ್ನು ಇಳಿಸಿ, ಅವಳಿಗೆ ಒಂದು ಮಾತೂ ತಿಳಿಸದೆ ಕಸದ ಗಾಡಿಗೆ ಹಾಕಿಸಿದಿರಿ. ಅದರಲ್ಲಿ ತೀರಿಹೋದ ಒಬ್ಬ ಮನುಷ್ಯನ ಅಂಗಿ ಇತ್ತು. ಕಲೆಯ ಸ್ವಾತಂತ್ರ್ಯದ ಬಗ್ಗೆ ನಿಮಗೆ ಉಪನ್ಯಾಸ ಕೊಡುವಷ್ಟು ಓದಿದವಳಲ್ಲ ನಾನು. ಆ ಅಂಗಿಗಾಗಿ ಬರೆಯುತ್ತಿದ್ದೇನೆ.

ಅದು ರಾಚಯ್ಯನದು. ಬಾದಾಮಿ ಕಡೆಯವನು, ಕಡಲಾಚೆಯ ಈ ನಗರಕ್ಕೆ ಕಟ್ಟಡದ ಕೆಲಸಕ್ಕೆಂದು ಬಂದಿದ್ದ. ನಮ್ಮೂರೂ ಅದೇ ಸೀಮೆಯದಾದ್ದರಿಂದ ಭಾನುವಾರ ಹೌಗಾಂಗ್‌ನ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದ, ಇಸ್ತ್ರಿ ಮಾಡಿದ ನೀಲಿ ಚೌಕಳಿ ಅಂಗಿ ತೊಟ್ಟು. ಒಂದು ಬೆಳಿಗ್ಗೆ ಅವನನ್ನೂ ಇತರ ಕೆಲಸಗಾರರನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ ಲಾರಿ ಇನ್ನೊಂದು ವಾಹನಕ್ಕೆ ಡಿಕ್ಕಿ ಹೊಡೆಯಿತು. ರಾಚಯ್ಯ ರಸ್ತೆಗೆ ಬಿದ್ದವನು ಮತ್ತೆ ಏಳಲಿಲ್ಲ.

ರೋಹಿಣಿ ಸುಮ್ಮನಿರುವ ಪೈಕಿಯಲ್ಲ. ನಮ್ಮವರ ಮದುವೆಗಳ ಆಡಂಬರವನ್ನು ಚಿತ್ರಗಳಲ್ಲಿ ಬಿಡಿಸಿ ನೆಂಟರ ಮುನಿಸು ಕಟ್ಟಿಕೊಂಡವಳು. ರಾಚಯ್ಯನ ಹೆಂಡತಿ ದಾನವ್ವನನ್ನು ಕಾಣಬೇಕೆಂದು ಹಟ ಹಿಡಿದಳು. ಇಬ್ಬರೂ ಅವಳ ಊರಿಗೆ ಹೋದೆವು. ಅವನ ಬಗ್ಗೆ ಕಲಾಕೃತಿ ಮಾಡಲು ಒಂದು ವಸ್ತು ಕೇಳಿದಾಗ ದಾನವ್ವ ಅವನ ಕೆಲಸದ ಹೆಲ್ಮೆಟ್ ತಂದಿಟ್ಟಳು.

"ಹೆಲ್ಮೆಟ್ ಬೇಡ ಆಂಟಿ, ಅದು ಕಂಪನೀದು. ಅವರದೇ ಏನಾದ್ರೂ ಕೊಡಿ," ಎಂದಳು ರೋಹಿಣಿ.

ದಾನವ್ವ ಒಳಗೆ ಹೋಗಿ ಆ ನೀಲಿ ಅಂಗಿ ತಂದಳು. "ತೊಳಿಬ್ಯಾಡವಾ. ಅವರ ವಾಸನಿ ಇನ್ನೂ ಐತಿ. ನನ್ನ ಮಗಳು ಇದನ್ನ ತಬ್ಬಿಕೊಂಡ ಮಲಗ್ತಾಳ," ಎಂದಳು.

"ನಾನ ತಂದು ಕೊಡ್ತೀನವ್ವ," ಎಂದು ಮಾತು ಕೊಟ್ಟವಳು ನಾನು.

ರೋಹಿಣಿ ಲಾರಿಯ ಹಳೆಯ ಟಾರ್ಪಾಲಿನ ಮೇಲೆ ಡಾಂಬರು, ಸಿಮೆಂಟು, ಬಣ್ಣಗಳಿಂದ ಈ ನಗರದ ಹೊಳೆಯುವ ಗೋಪುರಗಳನ್ನು ಎಬ್ಬಿಸಿದಳು. ನಡುವೆ ಆ ಅಂಗಿಯನ್ನು ಹೊಲಿದು, ಅದರ ಎದೆಗೆ ಅಡ್ಡಲಾಗಿ ಸೀಟ್ ಬೆಲ್ಟ್ ಬಿಗಿದಳು. ಕೆಳಗೆ ಕೆಂಪಕ್ಷರದಲ್ಲಿ ಬರೆದಳು: 'ಸರಕನ್ನಾದರೂ ಕಟ್ಟಿ ಒಯ್ಯುತ್ತೀರಿ.'

ಆ ಸಾಲು ನಿಮಗೆ ಚುಚ್ಚಿತು. ಅಳಿಸಲು ಹೇಳಿದಿರಿ, ಅವಳು ಒಪ್ಪಲಿಲ್ಲ. ಉದ್ಘಾಟನೆಯ ದಿನ ಕೃತಿಗೆ ಕಪ್ಪು ಬಟ್ಟೆ ಹೊದಿಸಿದಿರಿ. ಅತಿಥಿಗಳ ಎದುರೇ ಅವಳು ಅದನ್ನು ಎಳೆದು ಹಾಕಿದಳು. ಹೌದು, ಅವಿನಯ. ಆದರೆ ಮಾನ್ಯರೇ, ಲಾರಿಯ ಹಿಂಬದಿಯಲ್ಲಿ ಮನುಷ್ಯರನ್ನು ತುಂಬಿ ಒಯ್ಯುವುದು ಯಾವ ಸೀಮೆಯ ವಿನಯ? ನಿಮ್ಮ ಕಣ್ಣಿಗೆ ಒರಟಾಗಿ ಕಂಡದ್ದು ಸಾವೋ, ಸಾವಿನ ಚಿತ್ರವೋ?

ಮರುದಿನ ಗೋಡೆ ಖಾಲಿ. 'ನಿರುಪಯುಕ್ತ ಸಾಮಗ್ರಿ' ಎಂದು ವಿಲೇವಾರಿ ಮಾಡಲಾಗಿದೆ ಎಂಬ ಉತ್ತರ ಬಂತು. ರೋಹಿಣಿ ಓಡಿಹೋಗಿ ವಿಚಾರಿಸುವಷ್ಟರಲ್ಲಿ ಎಲ್ಲವೂ ಸುಟ್ಟು ಬೂದಿಯಾಗಿತ್ತು. ನಿಮ್ಮ ಕೋಣೆಯಲ್ಲಿ ನೀವು ಅವಳಿಗೆ, ಅದೇ ಬಣ್ಣದ ಹೊಸ ಅಂಗಿ ಕೊಡಿಸುತ್ತೇವೆ, ಎಂದಿರಂತೆ. ಎಂಥ ಔದಾರ್ಯ! ವಾಸನೆಯನ್ನು ಯಾವ ಅಂಗಡಿಯಿಂದ ತರಿಸುತ್ತಿದ್ದಿರಿ?

ನನ್ನ ಮಗಳು ಕುಂಚ ಮುಟ್ಟುತ್ತಿಲ್ಲ. "ನಾನೇ ಅಲ್ವಾ ಅಮ್ಮ ಕೇಳಿ ತಂದಿದ್ದು. ದಾನವ್ವ ಆಂಟಿ ಮನೇಲೇ ಇದ್ದಿದ್ರೆ ಸೇಫ್ ಆಗಿರ್ತಿತ್ತು," ಎನ್ನುತ್ತಾಳೆ. ಸದಾ ವಾದಿಸುವ ಹುಡುಗಿ ಈಗ ಮಾತು ಅರ್ಧಕ್ಕೇ ಬಿಟ್ಟು ಗೋಡೆಯ ಕಡೆ ತಿರುಗುತ್ತಾಳೆ. ಅವಳ ಕೋಪಕ್ಕೆ ನಾನು ಎಷ್ಟೋ ಸಲ ಬೈದಿದ್ದೆ. ಈಗ ಅದೇ ಕೋಪ ಮರಳಿ ಬರಲೆಂದು ಬೇಡುತ್ತಿದ್ದೇನೆ.

ಕಳೆದ ವಾರ ದಾನವ್ವ ಫೋನ್ ಮಾಡಿದ್ದಳು. "ಅಂಗಿ ಯಾವಾಗ ತರ್ತೀರಿ ಅಕ್ಕಾರ? ಹುಡುಗಿ ಕೇಳೂದ ಬಿಡವಲ್ಲದು." ಕೇಳಿಸದವಳ ಹಾಗೆ ನಾನು 'ಹಲೋ, ಹಲೋ' ಎಂದೆ. ಲೈನ್ ಸರಿಯಿಲ್ಲವೆಂದು ಅವಳೇ ಇಟ್ಟಳು.

ಪರಿಹಾರ ಬೇಡ, ವಿಷಾದದ ಹೇಳಿಕೆಯೂ ಬೇಡ. ದಾನವ್ವನಿಗೆ ನೀವೇ ಕರೆ ಮಾಡಿ, ಅವಳ ಗಂಡನ ಅಂಗಿಯನ್ನು ಸುಡಿಸಿದೆನೆಂದು ನಿಮ್ಮ ಬಾಯಿಂದ ಹೇಳಿ. ನಿಮ್ಮ ಮಾತನ್ನು ನಾನು ಕನ್ನಡದಲ್ಲಿ ತಿಳಿಸುತ್ತೇನೆ, ಒಂದಕ್ಷರ ಮೃದುಮಾಡದೆ. ಅವಳು "ಯಾಕ್ರಿ?" ಎಂದು ಕೇಳುತ್ತಾಳೆ. ಅದಕ್ಕೆ ಉತ್ತರವನ್ನೂ ನೀವೇ ಕೊಡಬೇಕು.

ಇಂತಿ,
ಕೊಟ್ಟ ಮಾತಿಗೆ ಬರಿಗೈಯಲ್ಲಿ ನಿಂತಿರುವ
ಭಾಗ್ಯಶ್ರೀ, ಹೌಗಾಂಗ್