ಅಪ್ಪನ ಕ್ಷೌರದ ಕತ್ತಿ

ಅಕ್ಕಾ,

ನಿನ್ನನ್ನು ಎಬ್ಬಿಸಲಿಲ್ಲ. ಸಂಜೆ ಬರುವುದಿಲ್ಲ ಎಂದು ಚರ್ಮದ ಡಾಕ್ಟರಿಗೆ ಫೋನ್ ಮಾಡಿಬಿಡು. ನನ್ನ ಎಡಗೈ ಬೋಳಾದದ್ದು ರೋಗದಿಂದಲ್ಲ. ಅಪ್ಪನ ಹಳೇ ಕ್ಷೌರದ ಕತ್ತಿಯನ್ನು ತಿಂಗಳಿಂದ ಕದ್ದು ಮಸೆಯುತ್ತಿದ್ದೆ, ಹರಿತ ಬಂತೇ ಎಂದು ಕೈಮೇಲೆ ಎಳೆದು ನೋಡುತ್ತಿದ್ದೆ. ಕತ್ತಿ ಹಾಳಾದೀತೆಂಬ ಹೆದರಿಕೆಗೆ ಹೇಳಲಿಲ್ಲ, ತಪ್ಪಾಯಿತು.

ಇವತ್ತು ಅದರಲ್ಲೇ ಗಡ್ಡ ಮಾಡಿಕೊಂಡೆ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು ಕಣಕ್ಕಾ!

ಅಪ್ಪ ಬಾಗಿಲಲ್ಲಿ ನಿಂತು, “ಕಿವಿ ಎರಡೂ ಉಳಿದಿವೆಯೇನೋ?” ಎಂದರು. ಕೈ ನಡುಗಲು ಶುರುವಾದಾಗಿನಿಂದ ಯಾರಿಗೂ ಗಡ್ಡ ಮುಟ್ಟಗೊಡದ ಮನುಷ್ಯ, ಟವೆಲ್ ಸುತ್ತಿಕೊಂಡು ಬಂದು ನನ್ನ ಮುಂದೆ ಕುಳಿತೇಬಿಟ್ಟರು. ಸೋಪು ಹಚ್ಚಿ ನಾನೇ ಅವರ ಗಡ್ಡ ತೆಗೆದೆ.

ಕತ್ತಿಗೆ ಎಣ್ಣೆ ಸವರಿ ಕಪಾಟಿನ ಮೇಲಿಟ್ಟಿದ್ದೇನೆ, ದಯವಿಟ್ಟು ಅದರಲ್ಲಿ ದಾರ ಕತ್ತರಿಸಬೇಡ.

ಅಪ್ಪನ ಮುಖಕ್ಕೆ ಒಂದು ಗೀರೂ ಆಗಿಲ್ಲ. ಅಪ್ಪ ಇನ್ನೂ ಕನ್ನಡಿ ಬಿಟ್ಟು ಎದ್ದಿಲ್ಲ, ತಿಂಡಿ ಅಲ್ಲಿಗೇ ಕೊಡು.