ಮೀಸೆ ಸಾಹುಕಾರನ ಅನುಮತಿ

ದ್ವಾರಕಾ, ಹೊಸದಿಲ್ಲಿ
ನವೆಂಬರ್ 17, 2025

ಮುದ್ದಿನ ಮೋನಿಷಾ,

ನಿನ್ನ ವೆಬ್ ಸೀರೀಸಿನ ಎರಡನೇ ಸೀಸನ್ ಬರೆಯಲೋ ಬಿಡಲೋ ಎಂದು ಮುಂಬೈಯಿಂದ ಕೇಳಿದ್ದೀಯಲ್ಲ, ಅಪ್ಪ ಬೇಡವೆಂದರೆ ಬಿಟ್ಟೇಬಿಡುತ್ತೇನೆ ಅಂತ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮಾತು ಮರೆತೇಹೋಗುತ್ತದೆ. ಅದಕ್ಕೇ ಈ ಕಾಗದ. ನಿಧಾನಕ್ಕೆ ಓದು.

ಮೊದಲ ಎಪಿಸೋಡ್ ನೋಡಿ ನನಗೆ ಸಿಟ್ಟು ಬಂದದ್ದು ನಿಜ. ದೋಸೆ ಬರುವತನಕ ಮಕ್ಕಳು ಗಲಾಟೆ ಮಾಡದಿರಲಿ ಎಂದು ನಮ್ಮ ಹೋಟೆಲಿನಲ್ಲಿ ತಟ್ಟೆಯಡಿಯ ಕಾಗದದ ಮೇಲೆ ವಾರವಾರವೂ ನಾನು ಬಿಡಿಸುತ್ತಿದ್ದ ಚಿತ್ರಕಥೆಯನ್ನೇ ನೀನು ಸೀರೀಸ್ ಮಾಡಿದ್ದು. ಎರಡು ಜಡೆಯ ಜೀರಿಗೆ ಎಂಬ ಹುಡುಗಿ ಕಳೆದುಹೋದ ಚಮಚ ಹುಡುಕುತ್ತಿದ್ದಳು, ಸಿಕ್ಕಿದಾಗ ಹೋಟೆಲಿನ ಮೀಸೆ ಸಾಹುಕಾರ ಖುಷಿಯಾಗಿ ಅವಳಿಗೆ ಮೈಸೂರುಪಾಕು ಕೊಡುತ್ತಿದ್ದ. ಆ ಮೀಸೆ ನನ್ನದೇ. ನಿನ್ನ ಜೀರಿಗೆಗೋ ಹದಿನೇಳು ವರ್ಷ, ಕಪ್ಪು ಲಿಪ್‌ಸ್ಟಿಕ್! ಸಾಂಬಾರಿನಲ್ಲಿ ವಿಷ, ಫ್ರಿಜ್ಜಿನಲ್ಲಿ ಹೆಣ, ಆ ಹೆಣ ಎದ್ದು ಹಾಡುವುದು ಬೇರೆ. ಟಿವಿ ಆರಿಸಿ ಎದ್ದುಹೋದೆ. ನಿನ್ನ ಅಮ್ಮ ಮತ್ತೆ ಹಾಕಿದಳು. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಎಪಿಸೋಡುಗಳನ್ನೂ ನೋಡಿದೆ. ಎಷ್ಟು ಚೆನ್ನಾಗಿ ಬರೆದಿದ್ದೀಯ ಮಾರಾಯ್ತಿ!

ಘಾಜಿಯಾಬಾದಿನಿಂದ ನಿನ್ನ ಲತೇಶ್ ಚಿಕ್ಕಪ್ಪ ಫೋನ್ ಮಾಡಿ, ಹೋಟೆಲಿನ ಮಾನ ಹೋಯಿತು, ಇನ್ನು ನಮ್ಮ ಸಾಂಬಾರನ್ನು ಯಾರು ಮುಟ್ಟುತ್ತಾರೆ ಎಂದು ಕೂಗಾಡಿದ. ನಿನ್ನೆ ಭಾನುವಾರ ನೋಡಬೇಕಿತ್ತು ಅವನು, ಮೆಟ್ಟಿಲಿನವರೆಗೂ ಜನ. ಕಾಲೇಜು ಹುಡುಗಿಯರು ಬಂದು, ಅಂಕಲ್, ಜೀರಿಗೆಯ ಸಾಂಬಾರ್ ಕೊಡಿ, ವಿಷ ಸ್ವಲ್ಪ ಜಾಸ್ತಿಯೇ ಇರಲಿ ಎಂದು ಹಿಂದಿಯಲ್ಲಿ ತಮಾಷೆ ಮಾಡುತ್ತಾರೆ. ಬರೆದವಳು ನನ್ನ ಮಗಳು ಎಂದು ಗಲ್ಲಾದಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೇನೆ. ನಿನ್ನ ಅಮ್ಮನಿಗೆ ಇದರಿಂದ ನಾಚಿಕೆಯಂತೆ. ನನಗೇನೂ ಇಲ್ಲ.

ನನ್ನ ಕೈಯಲ್ಲಿ ಜೀರಿಗೆ ಚಮಚ ಹುಡುಕುತ್ತಲೇ ಉಳಿದುಬಿಟ್ಟಿದ್ದಳು. ಅವಳನ್ನು ದೊಡ್ಡವಳನ್ನಾಗಿ ಮಾಡಿದವಳು ನೀನು. ಬಿಡಬೇಡ, ಬರೆ.

ಎದೆಯುಬ್ಬಿಸಿಕೊಂಡಿರುವ ನಿನ್ನ ಅಪ್ಪ,
ವಿಠಲ

ಮರೆತಿದ್ದೆ: ನೀನು ನನ್ನ ಅನುಮತಿ ಕೇಳಿದ್ದು ಯಾಕೆಂದು ಅಮ್ಮ ಬಾಯಿಬಿಟ್ಟಳು. ಮುಂದಿನ ಸೀಸನ್ನಿನಲ್ಲಿ ಮೀಸೆ ಸಾಹುಕಾರ ಸಾಯುತ್ತಾನಂತೆ. ಸಾಯಿಸು ಮಗಳೇ, ಅನುಮತಿ ಕೊಟ್ಟಿದ್ದೇನೆ. ಆದರೆ ಕೊನೆಯ ಎಪಿಸೋಡಿನಲ್ಲಿ ಸಾಯಿಸು. ಅಲ್ಲಿಯವರೆಗೆ ನಿನ್ನ ಕಥೆಯಲ್ಲಿ ನಾನಿರಬೇಕು.