ಮಂಗಳದವರೆಗೆ ಬ್ಯಾಟರಿ

ನವೆಂಬರ್ 4, ಸಂಜೆ

ಇವತ್ತೂ ಪ್ಲೇಯರ್ ಐದು ಗಂಟೆ ಹತ್ತು ನಿಮಿಷ ಓಡಿ ನಿಂತಿತು. ನಿನ್ನೆಯೂ ಅಷ್ಟೇ. ಬಯಲಾಟದಲ್ಲಿ ರಾಜನ ಮದುವೆ ಮುಗಿಯುವಷ್ಟರಲ್ಲಿ ಪ್ಲೇಯರ್‌ನ ಪರದೆ ಕಪ್ಪು.

ಗಾದೆಪ್ಪ ಮಾವ, ಅವ್ವನ ಅಣ್ಣ, ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. ಚಾರ್ಜ್ ಮಾಡಿ ಉಳಿದದ್ದನ್ನು ನಾಳೆ ಹಾಕುತ್ತೇನೆ ಎಂದು ಸನ್ನೆ ಮಾಡಿದೆ. ಒಪ್ಪಲಿಲ್ಲ.

“ಬಯಲಾಟ ಹಚ್ಚಿದ ಮ್ಯಾಲೆ ಮಂಗಳ ಆಗೋತನ ನಿಲ್ಲಿಸಬಾರದವ್ವಾ. ಮತ್ತ ಗಣಪತಿ ಪೂಜಿಯಿಂದನ ಹಚ್ಚು.”

ಗಣಪತಿ ಪೂಜೆಯಿಂದ ಕೊನೆಯ ಮಂಗಳದ ಹಾಡಿನವರೆಗೆ ಇಡೀ ಆಟ ಎಂಟು ಗಂಟೆ ನಲವತ್ತು ನಿಮಿಷ. ಹತ್ತು ವರ್ಷದ ಹಿಂದೆ ಇಲ್ಲೇ ಗುಡೇಕೋಟೆಯಲ್ಲಿ ಆಡಿದ್ದು. ಮಾವನೇ ರಾಜ. ಕೊನೆಯ ಯುದ್ಧದಲ್ಲಿ ಹಾರ್ಮೋನಿಯಂ ಬೆನಕಪ್ಪ ಬೇಕೆಂದೇ ಕೈಬಿಟ್ಟ, ಅದಕ್ಕೇ ಹಾಡು ತಪ್ಪಿತು, ಜನ ನಕ್ಕರು — ಇದು ಮಾವನ ಮಾತು. ಆಮೇಲೆ ಬಣ್ಣ ಹಚ್ಚಿಲ್ಲ. ಕೊಟ್ಟೂರಿನ ಬೆನಕಪ್ಪನ ಜೊತೆ ಮಾತೂ ಇಲ್ಲ. ಕಲ್ಲು ಒಡೆಯುವ ಕ್ರಷರ್‌ನಲ್ಲಿ ದುಡಿದು ಆಗಲೇ ಮಾವನ ಕಿವಿ ಮಂದವಾಗಿತ್ತು ಎನ್ನುತ್ತಾಳೆ ಅವ್ವ.

ಆ ಆಟ ರೆಕಾರ್ಡ್ ಆಗಿದ್ದ ಹಳೆಯ ಮೆಮೊರಿ ಕಾರ್ಡ್ ಸಿಕ್ಕಿದಾಗಿನಿಂದ ಒಂದೇ ಹಟ. ತಾನೇ ಕೇಳಬೇಕು. ಸ್ಪೀಕರ್ ಬೇಡ, ಓಣಿಗೆಲ್ಲ ಕೇಳುತ್ತದೆ.

ಸದ್ದು ಏರಿಸುವ ಆಂಪ್ ಇಲ್ಲದಿದ್ದರೆ ಪ್ಲೇಯರ್ ಹನ್ನೊಂದು ಗಂಟೆ ಓಡುತ್ತದೆ, ಮಾವನಿಗೆ ಕೇಳಿಸುವುದಿಲ್ಲ. ಆಂಪ್ ಸಿಕ್ಕಿಸಿದರೆ ಕೇಳಿಸುತ್ತದೆ, ಅರ್ಧಕ್ಕೇ ಸಾಯುತ್ತದೆ. ಬೆರಳುದ್ದದ ವಸ್ತು... ಅಷ್ಟೊಂದು ಏನು ಕುಡಿಯುತ್ತದೆ?

ನವೆಂಬರ್ 6

ಕೂಡ್ಲಿಗಿಗೆ ಹೋಗಿದ್ದೆ. ಓಬಳೇಶನ ಮೊಬೈಲ್ ಅಂಗಡಿಯ ಮುಂದೆ ಗಿರಾಕಿಗಳು ಹೋಗುವವರೆಗೂ ನಿಂತೆ. ನನ್ನ ದನಿ ಕಿವಿ ಸರಿಯಿದ್ದವರಿಗೂ ತಲುಪುವುದಿಲ್ಲ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆಂಪ್ ಜೊತೆ ಕೊಟ್ಟೆ.

“ಇದಕ್ಕ ತನ್ನ ಬ್ಯಾಟರಿನ ಇಲ್ಲ ತಂಗಿ. ಪ್ಲೇಯರ್‌ದಾಗಿಂದನ ಉಣ್ಣತೈತಿ. ಮನಿ ಅಳಿಯ ಇದ್ದಂಗ.”

ನಗು ಬಂತು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ನಕ್ಕೆ.

ಸ್ವಂತ ಬ್ಯಾಟರಿ ಇರುವ ಇನ್ನೊಂದು ಆಂಪ್ ಕೊಟ್ಟಿದ್ದಾನೆ. ಹತ್ತು ದಿನ ನೋಡಿ ಹೇಳಬೇಕಂತೆ.

ನವೆಂಬರ್ 9

ಮೂರು ದಿನದಿಂದ ಬ್ಲೌಸ್ ಹೊಲಿಗೆ ಹಿಂದೆ ಬಿದ್ದಿದೆ. ಬ್ಯಾಟರಿ ಎಷ್ಟು ಗಂಟೆ ಬಂತು ಎಂದು ಕ್ಯಾಲೆಂಡರ್ ಹಿಂದೆ ಬರೆಯುವುದೇ ಕೆಲಸ.

ಮಾವನ ಕಿವಿಗೆ ಬೇಕಾದಷ್ಟು ಜೋರು ಇಟ್ಟು, ಹೆಡ್‌ಫೋನ್ ದಿಂಬಿನ ಕೆಳಗೆ ಸೇರಿಸಿ, ಮಾವನಿಲ್ಲದೆ ಓಡಲು ಬಿಟ್ಟಿದ್ದೆ. ಪ್ಲೇಯರ್‌ನ ದನಿ ಮೂವತ್ತರಿಂದ ಹನ್ನೆರಡಕ್ಕೆ ಇಳಿಸಿ, ಆಂಪ್ ಏರಿಸಿದೆ. ಆಟ ಮುಗಿದರೂ ಪ್ಲೇಯರ್‌ನಲ್ಲಿ ಅರ್ಧ ಬ್ಯಾಟರಿ ಉಳಿದಿತ್ತು! ಆಂಪ್ ಇಲ್ಲದ ದಿನಕ್ಕಿಂತ ಹೆಚ್ಚು. ಮರೆಯಲ್ಲಿ ನಿಂತು ಮೆಲ್ಲಗೆ ಸಾಲು ಹೇಳಿಕೊಡುವವನಿಗೆ ಗಂಟಲು ನೋಯುವುದಿಲ್ಲ. ಕೂಗುವ ಪಾತ್ರಧಾರಿಗೆ ನೋಯುತ್ತದೆ. ಪ್ಲೇಯರ್ ಈಗ ಹೇಳಿಕೊಡುವವನು, ಹಾಗೇ ಇರಬೇಕು.

ಆದರೆ ಕೂಗುವವನು, ಆಂಪ್, ಎಂಟು ಗಂಟೆ ಐದು ನಿಮಿಷಕ್ಕೆ ಸತ್ತ. ಮೂವತ್ತೈದು ನಿಮಿಷ ಕಡಿಮೆ. ಸರಿಯಾಗಿ ಯುದ್ಧದ ಹೊತ್ತು.

ಚಾರ್ಜಿಗೆ ಹಾಕಿಕೊಂಡೇ ಕೇಳಿದರೆ? ಹಾಕಿದೆ. ಮಾತಿನ ಮೇಲೆಲ್ಲ ಗುಂಯ್ ಎಂಬ ಸದ್ದು.

ನವೆಂಬರ್ 10

ತಪ್ಪು ಮಾಡಿದೆ. ಕೊನೆಯ ಭಾಗ ನಾನೊಬ್ಬಳೇ ಕೇಳಿದೆ. ನನ್ನ ಕಿವಿಗೆ ಆಂಪ್ ಬೇಕಿಲ್ಲ.

ಹಾರ್ಮೋನಿಯಂ ನಿಂತೇ ಇಲ್ಲ. ಮಾವ ಒಂದು ಸಾಲು ಹಾರಿಸಿದ. ಬೆನಕಪ್ಪ ಅವನು ಹೋದಲ್ಲಿಗೆ ಹೋದ. ಮಾವ ತಡವರಿಸಿದ. ಬೆನಕಪ್ಪ ಒಂದೇ ಸ್ವರ ಹಿಡಿದು ಎಳೆಯುತ್ತ ಕಾದ... ಅಷ್ಟು ಹೊತ್ತು... ಮಾವ ಮತ್ತೆ ಹಾಡಿಗೆ ಬರುವವರೆಗೂ.

ಮಾವನ ಹತ್ತಿರ ಹೋಗಿ ನಿಂತೆ. ಹಾಗೇ ವಾಪಸ್ ಬಂದೆ. ಹೇಳಿದರೂ ನಂಬುತ್ತಾನೆಯೇ? ತಾನೇ ಕೇಳಬೇಕು.

ನವೆಂಬರ್ 14

ಮದ್ದಲೆಯ ಹೊಡೆತ ಬಂದಾಗ ಆಂಪ್ ಇಳಿಸಿದರೆ? ಜೋರು ಸದ್ದೇ ತಾನೇ ಬ್ಯಾಟರಿ ಹೆಚ್ಚು ತಿನ್ನುವುದು. ಮಾತು, ಹಾಡು ಬಂದಾಗ ಮಾತ್ರ ಏರಿಸುವುದು. ನಿನ್ನೆ ಮಾವನ ಹತ್ತಿರ ಕುಳಿತು ಮೊದಲ ಅರ್ಧ ಗಂಟೆ ಹಾಗೆ ಮಾಡಿದೆ. ಅಲ್ಲಿಗೇ ನಿಲ್ಲಿಸಿದ್ದಕ್ಕೆ ಬೈದ, ಇರಲಿ. ಇಳಿಸಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ತೊಡೆ ಮೇಲೆ ತಾಳ ಬಡಿಯುತ್ತಲೇ ಇದ್ದ. ಮದ್ದಲೆ ಅವನ ಕೈಯಲ್ಲಿದೆ.

ಅಂದರೆ ದಿನವಿಡೀ ನಾನು ಗುಂಡಿ ತಿರುಗಿಸುತ್ತ ಕೂರಬೇಕು.

ನವೆಂಬರ್ 16

ಬೆಳಗ್ಗೆ 8. ಗಣಪತಿ ಪೂಜೆ.

11.30. ಅವ್ವ ರೊಟ್ಟಿ ಇಟ್ಟು ಹೋದಳು. ಎಡಗೈಯಲ್ಲಿ ತಿಂದೆ.

1.10. ಮದುವೆ ಮುಗಿಯಿತು. ಮಾವ ನನ್ನ ಕಡೆ ನೋಡಿದ. ಇಲ್ಲಿಂದ ಮುಂದಿನದನ್ನು ಅವನು ಇನ್ನೂ ಕೇಳಿಲ್ಲ.

4.05. ಆಂಪ್ ಸಾಯಬೇಕಿದ್ದ ಹೊತ್ತು. ಸತ್ತಿಲ್ಲ.

4.20. ಆಂಪ್‌ನಲ್ಲಿ ಕೆಂಪು ದೀಪ. ಯುದ್ಧದ ಹಾಡು. ಮಾವನ ಕೈ ತೊಡೆಯ ಮೇಲೆ ನಿಂತುಬಿಟ್ಟಿತು. ಆ ಉದ್ದದ ಸ್ವರ. ಆಂಪ್ ಪೂರ್ತಿ ಏರಿಸಿದೆ, ಸತ್ತರೆ ಸಾಯಲಿ ಎಂದು. ಸಾಯಲಿಲ್ಲ.

4.40. ಮಂಗಳ.

ಮಾವ ಹೆಡ್‌ಫೋನ್ ತೆಗೆದು ಹೇಳಿದ್ದು ಇಷ್ಟು: “ನಾನ ತಪ್ಪೀನಿ. ಅಂವ ಕೈ ಬಿಟ್ಟಿಲ್ಲ.”

ಎದ್ದು ಅಂಗಿ ಹಾಕಿಕೊಂಡ. ಕೊಟ್ಟೂರಿಗೆ ಬಸ್ಸು ಎಷ್ಟಕ್ಕೆ ಎಂದ. ಬೆನಕಪ್ಪ ಮಾತಾಡಿದ್ದು ಕೇಳಬೇಕು, ಆಂಪ್ ಚಾರ್ಜಿಗೆ ಹಾಕು ಎಂದ. ಅದಕ್ಕೆ ಮೈಕ್ ಇಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

“ಹಂಗಾರ ನೀ ಬಾ. ಅಂವ ಅಂದದ್ದು ನನ್ನ ಕಿವಿಯಾಗ ಜೋರಾಗಿ ಹೇಳು.”

ನಾನು? ಜೋರಾಗಿ? ಕೊಟ್ಟೂರಿನವರ ಮುಂದೆ?

ಐದೂಕಾಲಿಗೆ ಬಸ್ಸು. ಮಾವ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಬಂದೆ ಅಂತ ಒಮ್ಮೆ ಕೂಗಿದೆ, ಕೇಳಿಸಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೂಗಬೇಕು.